ಹವಳಕ್ಕ ದೀಪ ಹಚ್ಚಿದವರು

ದೀಪಾವಳಿ ಮುಂದ ನಮ್ಮ ಮನಿ ಮಂದಿ ವಾಟ್ಸಾಪ್ ಗ್ರೂಪಿನಾಗ ಒಂದು ಫೋಟೋ ಹಾಕಿದ್ದೆ. ಹಾಕಿದ್ದು ಮೊಮ್ಮಗನ್ನ ತೋರಸಲಿಕ್ಕೆ. ಆದ್ರ ಕೂಸಿನ್ನ ನೋಡಿದವರು ಕಡಿಮಿ, ಕೂಸಿನ ಹಿಂದ ಗ್ವಾಡಿ ತುಂಬ ಬಿದ್ದಿದ್ದ ನೀಲಿ ಬೆಳಕು ನೋಡಿದವರು ಭಾಳ. ನಮ್ಮ ದೊಡ್ಡ ನೆಗೆಣ್ಣಿಯವರು ಅಂತೂ "ಏನವಾ, ಅಳಿಯಂದ್ರು ಮನಿಯೊಳಗ ಬಾರ್ ತಗದಾರೇನು?" ಅಂತ ಕೇಳೇ ಬಿಟ್ರು. ಓಣಿಯಾಗ ಕಾಯಿಪಲ್ಲೆ ಗಾಡಿ ಮುಂದ ನಿಂತಾಗೂ ಅದೇ ಮಾತು. ಒಬ್ಬೊಬ್ಬರಿಗೆ ಒಂದೊಂದು ಸಲ ಹೇಳೋದಕ್ಕಿಂತ ಒಮ್ಮೆ ಕೂತು ಬರದು ಬಿಡೋಣು ಅಂತ ಬರೀಲಿಕ್ಹತ್ತೇನಿ. ಸ್ವಲ್ಪ ಉದ್ದ ಆದೀತು, ಚಹಾ ಮಾಡ್ಕೊಂಡು ಕೂಡ್ರಿ.

ಅದು ಬಾರ್ ಅಲ್ಲ, ಉಪ್ಪುನೀರಿನ ಅಕ್ವೇರಿಯಂ. ಅದರಾಗ ಮೀನು ನಾಲ್ಕೇ ನಾಲ್ಕು, ಉಳಿದದ್ದೆಲ್ಲಾ ಜೀವಂತ ಹವಳ. ಮಗಳು-ಅಳಿಯ ಇರೋದು ಅಮೆರಿಕಾದ ಒಹಾಯೋದಾಗ. ಬಾಣಂತನಕ್ಕಂತ ನಾನು ಅಲ್ಲೆ ಆರು ತಿಂಗಳಿದ್ದೆ. ಹೊರಗ ಬರ್ಫ, ಸಂಜಿ ಐದಕ್ಕ ಕತ್ತಲಿ. ಕೂಸು ಮಲಗಿದಾಗ ನನ್ನ ಟಿ.ವಿ. ಅಂದ್ರ ಆ ಅಕ್ವೇರಿಯಂ. ಅದೇ ಹೊತ್ತಿನಾಗ ಅಳಿಯ ಹಳೇ ದೀಪ ತಗದು ಹೊಸಾ ಎಲ್.ಇ.ಡಿ. ಹಾಕಬೇಕು ಅಂತ ತಲಿ ಕೆಡಿಸಿಕೊಂಡು ಕೂತಿದ್ದ. ಯಾವುದು ತರೋದು, ಎಷ್ಟು ವ್ಯಾಟಿಂದು, ಎಷ್ಟು ಮ್ಯಾಲೆ ತೂಗು ಹಾಕೋದು ಅಂತ ದಿನಾ ಮಾತು. ನನಗ ಮೊದಲು, ದೀಪ ಅಂದ್ರ ದೀಪ, ಇದಕ್ಕ ಇಷ್ಟ್ಯಾಕ ಅನಸ್ತು. ಅವನ ಹತ್ರ ಇದ್ದ ಪುಸ್ತಕಗಳನ್ನ ಡಿಕ್ಷನರಿ ಬಾಜೂಕ ಇಟ್ಕೊಂಡು ಓದಲಿಕ್ಕೆ ಶುರು ಮಾಡಿದೆ. ಪಿಯುಸಿ ಇಂಗ್ಲಿಷ್ ನನ್ನದು, ನಿಧಾನ ಆಗ್ತದ, ಆದ್ರ ಬಾಣಂತನದ ಮನ್ಯಾಗ ರಾತ್ರಿ ಎಚ್ಚರ ಇರೋದು ಇದ್ದದ್ದೇ. ಓದಿದ ಮ್ಯಾಲೆ ತಿಳೀತು, ಆ ದೀಪ ನಮಗ ಹವಳ ಕಾಣಲಿ ಅಂತ ಹಚ್ಚೋದಲ್ಲ, ಅದು ಹವಳದ ಊಟ. ಈ ಮಾತು ಮನುಷ್ಯಾಗ ತಿಳಿಲಿಕ್ಕೆ ನೂರು ವರ್ಷದ ಮ್ಯಾಲೆ ಹಿಡದದ. ಆ ಕತಿನೇ ನಾ ಹೇಳೋದು.

ಮೊದಲು ಒಂದು ಗೊಂದಲ ಬಿಡಿಸಿ ಬಿಡತೇನಿ. ನಮ್ಮ ತಾಳಿಯಾಗ ಕರಿಮಣಿ ಜೋಡಿ ಪೋಣಸೋ ಕೆಂಪು ಹವಳ ಬ್ಯಾರೆ, ಇದು ಬ್ಯಾರೆ. ಆ ಕೆಂಪು ಹವಳ ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದ್ದು. ಇಟಲಿಯ ನೇಪಲ್ಸ್ ಹತ್ರ ಟೊರೆ ದೆಲ್ ಗ್ರೆಕೊ ಅನ್ನೋ ಊರಿನ ಮಂದಿ ಅದನ್ನ ಕೊರದು ಮಣಿ ಮಾಡೋದರಾಗ ಹೆಸರಾದವರು. ಅದು ಬೆಳಿಯೋದು ಬೆಳಕು ಕಮ್ಮಿ ಇರೋ ಗವಿಯೊಳಗ, ಆಳದಾಗ. ಅದಕ್ಕ ಬಿಸಲು ಬೇಕಾಗಿಲ್ಲ. ನೀರಾಗ ತೇಲಿ ಬಂದ ಸಣ್ಣ ಸಣ್ಣ ಜೀವಿ ಹಿಡದು ತಿಂತದ. ಮಗಳ ಮನ್ಯಾಗ ಇರೋದು ದಿಬ್ಬ ಕಟ್ಟೋ ಹವಳ, ಬೆಚ್ಚಗಿನ ಸಮುದ್ರದಾಗ ತೆಳು ನೀರಿನೊಳಗ ಇರೋವು. ಇವುಗಳ ಮೈಯೊಳಗ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಡಿಗಿಗೆ ಇರ್ತಾವ. ಹವಳ ಜಾಗಾ ಕೊಡತದ, ಪಾಚಿ ಬೆಳಕಿನಿಂದ ಅಡಗಿ ಮಾಡಿ ಮನಿ ಮಾಲಕಗೂ ಬಡಸತದ. ಹವಳಕ್ಕ ಬೇಕಾದ ಶಕ್ತಿಯೊಳಗ ಬಹುಪಾಲು ಈ ಬಾಡಿಗಿದಾರರದ್ದೇ. ಅದರ ಮೈಬಣ್ಣದಾಗೂ ಅವುಗಳ ಪಾಲು ಅದ. ಬಾಡಿಗಿದಾರ ಬಿಟ್ಟು ಹೋದ್ರ ಹವಳ ಬೆಳ್ಳಗ ಸುಣ್ಣ ಆಗತದ, ಆಮ್ಯಾಲೆ ಉಪವಾಸ ಸಾಯತದ. ಪೇಪರಿನಾಗ ಹವಳ ಬೆಳ್ಳಗಾಗ್ಯಾವ ಅಂತ ಓದಿರ್ತೀರಲ್ಲಾ, ಅದು ಇದು.

ಇನ್ನ ಅಕ್ವೇರಿಯಂ ಅನ್ನೋದನ್ನ ಮೊದಲು ಮಾಡಿದವರು ಯಾರು ಗೊತ್ತೇನು? ಹೊಲಿಗಿ ಕೆಲಸದಾಕಿ! ಜೀನ್ ವಿಲ್‌ಪ್ರೂ ಪವರ್ ಅಂತ, ಫ್ರಾನ್ಸಿನ ಹಳ್ಳಿಯಾಗ 1794ರಾಗ ಹುಟ್ಟಿದಾಕಿ. ಪ್ಯಾರಿಸ್ಸಿಗೆ ಬಂದು ಬಟ್ಟಿ ಹೊಲಿಯೋ ಕೆಲಸ ಹಿಡದು, 1816ರಾಗ ರಾಜಮನಿತನದ ಮದವಿಗೆ ಮದಲಗಿತ್ತಿ ಕ್ಯಾರೊಲಿನ್‌ಳ ಉಡುಪಿಗೆ ಕಸೂತಿ ಹಾಕಿದ್ಲು. ಮುಂದ ಗಂಡನ ಜೋಡಿ ಸಿಸಿಲಿ ದ್ವೀಪದ ಮೆಸ್ಸಿನಾಕ್ಕ ಹೋದ್ಲು. ಅಲ್ಲೆ ಸಮುದ್ರದಾಗಿನ ಪೇಪರ್ ನಾಟಿಲಸ್ ಅನ್ನೋ ಜೀವಿ ತನ್ನ ಚಿಪ್ಪು ತಾನೇ ಮಾಡ್ಕೋತದೋ, ಬ್ಯಾರೆಯವರದ್ದು ಕಸಗೋತದೋ ಅಂತ ಪಂಡಿತರೊಳಗ ವಾದ ನಡದಿತ್ತು. ಈಕಿ 1832ರಾಗ ಗಾಜಿನ ತೊಟ್ಟಿ ಮಾಡಿಸಿ, ಅದರಾಗ ಸಮುದ್ರದ ನೀರು ಹಾಕಿ, ಜೀವಿ ಇಟ್ಟು ನೋಡಿ, ತಾನೇ ಮಾಡ್ಕೋತದ ಅಂತ ತೋರಿಸಿ ಕೊಟ್ಲು. ಸೂಜಿ ಹಿಡದ ಕೈ, ತಾಳ್ಮಿ ಇರ್ತದ ನೋಡ್ರಿ.

ಹವಳವನ್ನ ಮನಿಯೊಳಗ ಇಟ್ಟಾಕಿನೂ ಹೆಣ್ಣುಮಗಳೇ, ಇಂಗ್ಲೆಂಡಿನ ಆನಾ ಥಿನ್. ಗಂಡ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬಿಯಾಗ ದೊಡ್ಡ ಪಾದ್ರಿ, ಮನಿ ಅಲ್ಲೇ ಬಾಜೂಕ. 1846ರಾಗ ಟಾರ್ಕಿ ಅನ್ನೋ ಸಮುದ್ರದಂಡಿ ಊರಿಗೆ ಹೋದಾಗ ಜೀವಂತ ಹವಳ ಕಂಡ್ಲು. ಮನಿಗೆ ಒಯ್ಯಬೇಕು ಅನಸ್ತು. ಹಾದಿಯಾಗ ಅಲಗಾಡಿ ಒಂದಕ್ಕೊಂದು ಬಡೀಬಾರದು ಅಂತ ಸೂಜಿ-ದಾರ ತಗೊಂಡು ಅವನ್ನ ಒಂದು ದೊಡ್ಡ ಸ್ಪಂಜಿಗೆ ಹೊಲದ್ಲು! ಇದನ್ನ ಓದಿದಾಗ ನನಗ ಅಗದಿ ಖುಷಿ ಆತು. ಗಂಡಸಾಗಿದ್ರ ಪೆಟ್ಟಿಗಿ ಮಾಡಸ್ತಿದ್ದ, ನಟ್ಟು-ಬೋಲ್ಟು ಅಂತಿದ್ದ.

ಲಂಡನ್ನಿನಾಗ ಸಮುದ್ರದ ನೀರು ಎಲ್ಲಿಂದ ಬರಬೇಕು? ಇದ್ದಷ್ಟರಾಗ ನಡಸಬೇಕು. ನೀರಿಗೆ ಗಾಳಿ ಸೇರಬೇಕಂತ ತೆರದ ಕಿಟಕಿ ಮುಂದ ನಿಂತು ನೀರನ್ನ ಒಂದು ಪಾತ್ರಿಯಿಂದ ಇನ್ನೊಂದಕ್ಕ ಸುರುವೋದು, ಮತ್ತ ವಾಪಸ್ ಸುರುವೋದು, ಹಿಂಗ ಮುಕ್ಕಾಲು ತಾಸು. ಚಹಾ ಆರಸ್ತೀವಲ್ಲಾ, ಹಂಗ. ಈ ಕೆಲಸ ಬಹಳಷ್ಟು ಮಾಡಿದ್ದು ಮನಿ ಕೆಲಸದ ಹುಡುಗಿ. ಆ ಹುಡುಗಿ ಹೆಸರು ಯಾರೂ ಬರದು ಇಟ್ಟಿಲ್ಲ, ಅದು ಇದ್ದದ್ದೇ. ಮರುವರ್ಷ 1847ರ ವಸಂತದಾಗ ಸಮುದ್ರದ ಗಿಡಾನೂ ತರಿಸಿ ಅದರಾಗ ಬಿಟ್ಲು, ಗಿಡ ನೀರಿಗೆ ಪ್ರಾಣವಾಯು ಕೊಡತಾವ ಅಂತ. ಹವಳ ವರ್ಷಗಟ್ಟಲೆ ಬದುಕಿ ಮರಿ ಹಾಕಿದ್ವು. ಆಕಿ ಬರದು ಇಟ್ಟಿದ್ದು 1859ರಾಗ ವಿಜ್ಞಾನದ ಪತ್ರಿಕೆಯಾಗ ಅಚ್ಚಾತು.

ಇಲ್ಲೊಂದು ಸೂಕ್ಷ್ಮ ಅದ. ಆಕಿ ತಂದ ಹವಳ ತಂಪು ಸಮುದ್ರದ್ದು, ಅದರ ಮೈಯಾಗ ಪಾಚಿ ಇರೋದಿಲ್ಲ, ನಮ್ಮ ತಾಳಿ ಹವಳದ ಜಾತಿ ಬುದ್ಧಿನೇ ಅದರದ್ದೂ. ಹಿಂಗಾಗಿ ಲಂಡನ್ನಿನ ಮಬ್ಬು ಬೆಳಕಿನಾಗೂ ಬದುಕ್ತು. ಬೆಚ್ಚಗಿನ ಸಮುದ್ರದ ದಿಬ್ಬದ ಹವಳ ತಂದಿದ್ರ ಎಷ್ಟು ನೀರು ಸುರುವಿದ್ರೂ ಉಳೀತಿರಲಿಲ್ಲ. ಅದರ ಹೊಟ್ಟಿಗೆ ಬೇಕಾದದ್ದು ಬಿಸಲು.

ಬಿಸಲು ಬೇಕು ಅನ್ನೋದು ವಿಜ್ಞಾನಿಗಳಿಗೂ ಒಮ್ಮಿಗೇ ಹೊಳೀಲಿಲ್ಲ. 1928-29ರಾಗ ಬ್ರಿಟನ್ನಿನವರು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿಗೆ ದೊಡ್ಡ ತಂಡ ಕಟಗೊಂಡು ಹೋಗಿ ಲೋ ಐಲ್ಸ್ ಅನ್ನೋ ಸಣ್ಣ ದ್ವೀಪದಾಗ ಸುಮಾರು ಒಂದು ವರ್ಷ ಇದ್ರು. ತಂಡದ ಮುಖಂಡ ಮಾರಿಸ್ ಯಂಗ್, ಹೆಂಡತಿ ಮ್ಯಾಟಿ ತಂಡದ ಡಾಕ್ಟರು. ಹವಳಗಳನ್ನ ಬೆಳಕು ಬರದ ಪೆಟ್ಟಿಗಿಯೊಳಗ ಮುಚ್ಚಿಟ್ಟು ನೋಡಿದ್ರು. ಪಾಚಿ ಬಿಟ್ಟು ಹೋದ್ವು, ಹವಳ ಬೆಳ್ಳಗಾದ್ವು, ಆದ್ರ ತಿನ್ನಲಿಕ್ಕೆ ಜೀವಿ ಸಿಗ್ತಿದ್ದಕ್ಕ ಒಮ್ಮಿಗೇ ಸಾಯಲಿಲ್ಲ. ಅದಕ್ಕ ಯಂಗ್ ಅವರು, ಹವಳದ ಊಟಕ್ಕ ಪಾಚಿ ಬೇಕಿಲ್ಲ, ಪಾಚಿ ಬರೇ ಕಸ ತಗಿಯೋ ಕೆಲಸದವು ಅಂತ ತೀರ್ಮಾನ ಮಾಡಿದ್ರು. ಆ ಮಾತು ಮೂರು ದಶಕ ನಡೀತು. ಅದೇ ಕಾಲಕ್ಕ ಜಪಾನಿನವರು ಪಲಾವು ದ್ವೀಪದಾಗ ಸಣ್ಣದೊಂದು ಪ್ರಯೋಗಶಾಲೆ ತಗದಿದ್ರು. ಅಲ್ಲಿನ ಸಿರೊ ಕವಾಗುಟಿ ಬೆಳಕು ಮತ್ತು ಹವಳದ ಸಂಬಂಧದ ಬಗ್ಗೆ ಭಾಳ ಕೆಲಸ ಮಾಡಿದ್ರು, ಆದ್ರ ಯುದ್ಧದ ಗದ್ದಲದೊಳಗ ಅವರ ಮಾತು ಕೇಳೋರು ಕಡಿಮಿ.

ಖರೆ ಲೆಕ್ಕ ಸಿಕ್ಕಿದ್ದು ಜಮೈಕಾದಾಗ. ಥಾಮಸ್ ಗೊರೊ ಮತ್ತ ಅವರ ಹೆಂಡತಿ ನೋರಾ ಗೊರೊ, ಇಬ್ಬರೂ ಸೇರಿ ವಿಕಿರಣ ಇರೋ ಕ್ಯಾಲ್ಸಿಯಂ ಗುರುತು ಹಚ್ಚಿ, ಹವಳ ತನ್ನ ಸುಣ್ಣದ ಗ್ವಾಡಿ ಎಷ್ಟು ಬೇಗ ಕಟ್ಟತದ ಅಂತ ಅಳದ್ರು. ಬೆಳಕಿನಾಗ ಭಾಳ ಬೇಗ, ಕತ್ತಲಿಯಾಗ ಭಾಳ ಸಾವಕಾಶ. 1959ರಾಗ ಇಬ್ಬರ ಹೆಸರಿಲೆ ಅದು ಪ್ರಕಟ ಆತು. ಹವಳ ಬೇಗ ಮನಿ ಕಟ್ಟಲಿಕ್ಕೆ ಬೆಳಕು ಬೇಕು ಅನ್ನೋದು ಅಲ್ಲಿಂದ ಮುಂದ ಗಟ್ಟಿ ಆತು.

ಅಷ್ಟೊತ್ತಿಗೆ ಬಿಸಲಿದ್ದ ದೇಶದವರು ಪುಸ್ತಕ ನೋಡದೇ ಹವಳ ಸಾಕಲಿಕ್ಕೆ ಹತ್ತಿದ್ರು. ಶಾಂತಸಾಗರದ ನ್ಯೂ ಕ್ಯಾಲೆಡೋನಿಯಾದ ನೂಮೆಯಾ ಊರಾಗ ರೆನೆ ಕತಾಲಾ ಮತ್ತ ಹೆಂಡತಿ ಇಡಾ 1956ರಾಗ ಅಕ್ವೇರಿಯಂ ತಗದ್ರು. ಸಮುದ್ರದ ನೀರು ಸೀದಾ ಬರ್ತಿತ್ತು, ಮ್ಯಾಲೆ ಸೂರ್ಯಾ ಇದ್ದ, ಹವಳ ಸುಖವಾಗಿದ್ವು. ಕತ್ತಲಿಯಾಗ ಅವಕ್ಕ ನೇರಳಾತೀತ ದೀಪ ಹಿಡದು ನೋಡಿದ್ರ ಹಸರು, ಕೇಸರಿ, ಕೆಂಪು ಹೊಳೀಲಿಕ್ಕೆ ಹತ್ತಿದ್ವಂತ! ನನ್ನ ಫೋಟೋದಾಗ ನಿಮಗ ಕಂಡ ಆ ಹೊಳಪೂ ಅದೇ ತರಹದ್ದು. ನೀಲಿ ಬೆಳಕು ನುಂಗಿ ಬ್ಯಾರೆ ಬಣ್ಣ ಉಗಳತಾವ. ಇನ್ನ ಇಂಡೋನೇಷ್ಯಾದ ಲೀ ಚಿನ್ ಎಂಗ್ ಅಂತ ಒಬ್ಬರು, 1961ರಾಗ ತಮ್ಮ ಪದ್ಧತಿ ಬರದು ಪ್ರಕಟ ಮಾಡಿದ್ರು. ಸಮುದ್ರದಾಗಿನ ಜೀವ ತುಂಬಿದ ಕಲ್ಲು, ಸಣ್ಣಗ ಗಾಳಿ ಗುಳ್ಳಿ, ಮ್ಯಾಲೆ ಬಿಸಲು, ಇಷ್ಟ. ಮಶೀನಿಲ್ಲ, ಔಷಧಿಲ್ಲ. ನಮ್ಮ ಹಿರೇರು ಹಿತ್ತಲದಾಗ ತುಳಸಿ ಬೆಳಸಿದಂಗ.

ಆದ್ರ ಆ ಪದ್ಧತಿ ಓದಿ ಜರ್ಮನಿಯವರು, ಅಮೆರಿಕಾದವರು ಮಾಡಲಿಕ್ಕೆ ಹೋದ್ರ ಮ್ಯಾಲೆ ಸೂರ್ಯಾನೇ ಇಲ್ಲ. ಆರು ತಿಂಗಳು ಮೋಡ. ಫ್ಲ್ಯಾಟಿನಾಗ ತುಳಸಿ ಇಟ್ಟವರಿಗೆ ಈ ಸಂಕಟ ಗೊತ್ತದ. ಎಷ್ಟು ನೀರು ಹಾಕ್ರಿ, ಎಷ್ಟು ಗೊಬ್ಬರ ಹಾಕ್ರಿ, ಬಿಸಲಿಲ್ಲಂದ್ರ ಎಲಿ ಉದರತಾವ. ಅವರು ಟ್ಯೂಬ್‌ಲೈಟ್ ಹಚ್ಚಿದ್ರು. ಒಂದಕ್ಕ ಆಗಲಿಲ್ಲ, ನಾಲ್ಕು ಹಚ್ಚಿದ್ರು. ಮೆತ್ತಗಿನ ಜಾತಿ ಹವಳ ಉಳದ್ವು, ಗಟ್ಟಿ ಜಾತಿಯವು ಉಳೀಲಿಲ್ಲ. ಆಮ್ಯಾಲೆ ಕಾರಖಾನಿಗೆ, ಆಟದ ಮೈದಾನಕ್ಕ ಅಂತ 1960ರ ದಶಕದಾಗ ಬಂದಿದ್ದ ಮೆಟಲ್ ಹಾಲೈಡ್ ದೀಪದ ಮ್ಯಾಲೆ ಜರ್ಮನಿಯವರ ಕಣ್ಣು ಬಿತ್ತು. ಮೈದಾನದಾಗ ರಾತ್ರಿ ಮ್ಯಾಚಿಗೆ ಹಚ್ಚತಾರಲ್ಲಾ, ಆ ಜಾತಿ ದೀಪ. ಬರ್ಲಿನ್ನಿನ ಹವ್ಯಾಸಿಗಳು ಜೀವ ತುಂಬಿದ ಕಲ್ಲು, ಈ ದೀಪ, ಸುಣ್ಣದ ತಿಳಿನೀರು, ಇವನ್ನ ಕೂಡಿಸಿ 1980ರ ದಶಕದಾಗ ಗಟ್ಟಿ ಹವಳಾನೂ ಬೆಳಸಿ ತೋರಿಸಿದ್ರು. ಡೀಟ್ರಿಶ್ ಸ್ಟೂಬರ್ ಅನ್ನೋರು ತಮ್ಮ ಹವಳದ ಟೊಂಗಿ ಮುರದು ಮುರದು ಗೆಳೆಯರಿಗೆ ಹಂಚಿದ್ರು. ನಾವು ದಾಸವಾಳದ ಟೊಂಗಿ ಹಂಚತೇವಲ್ಲಾ, ಹಂಗ. ಅಲ್ಲಿಂದ ಎಷ್ಟೋ ಮನಿಗೆ ಅದು ಹಬ್ಬಿತು. ಸುಣ್ಣದ ತಿಳಿನೀರು ಅಂದ ಕೂಡಲೆ ನನಗ ಎಲಿ ಅಡಕಿ ಡಬ್ಬಿ ನೆನಪಾತು. ಬಸರಿ ಬಾಣಂತ್ಯಾರಿಗೆ ಎಲಿಗೆ ಸುಣ್ಣ ಹಚ್ಚಿ ಕೊಡತಿದ್ರು, ಎಲಬು ಗಟ್ಟಿ ಆಗಲಿ ಅಂತ. ಹವಳಕ್ಕೂ ಅದೇ.

ಈ ಮೆಟಲ್ ಹಾಲೈಡ್ ದೀಪದ್ದು ಒಂದೇ ದೊಡ್ಡ ರಗಳಿ, ಕಾವು. ಅಳಿಯನ ಹತ್ರ ಇದ್ದದ್ದೂ ಅದೇ. 250 ವ್ಯಾಟಿನ ಎರಡು ದೀಪ, ಹವ್ಯಾಸ ಬಿಟ್ಟವರ ಕಡಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ದ. ದಿನಕ್ಕ ಎಂಟು ತಾಸು 500 ವ್ಯಾಟ್ ಉರೀತಿತ್ತು. ಹವಳಕ್ಕ ನೀರು 25-26 ಡಿಗ್ರಿ ಇರಬೇಕು. ಬ್ಯಾಸಗಿಯಾಗ ಈ ದೀಪದ ಕಾವಿಗೆ ನೀರು ಬಿಸಿ ಆಗೋದು, ಅದನ್ನ ಆರಸಲಿಕ್ಕೆ ಚಿಲ್ಲರ್ ಅನ್ನೋ ಮಶೀನು, ಆ ಮಶೀನಿನ ಕಾವು ಮತ್ತ ಕೋಣಿಗೆ, ಕೋಣಿ ಆರಸಲಿಕ್ಕೆ ಎ.ಸಿ. ಒಂದು ಕಡೆ ಒಲಿ ಹಚ್ಚಿ ಇನ್ನೊಂದು ಕಡೆ ಫ್ಯಾನು ಹಾಕಿದಂಗ. ಬಲ್ಬುಗಳ ಬೆಳಕು ವರ್ಷದಾಗ ಕಂದತದ, ಕಣ್ಣಿಗೆ ಕಾಣದಿದ್ರೂ ಹವಳಕ್ಕ ತಿಳೀತದ, ವರ್ಷಾ ಬದಲಿಸಬೇಕು. ಕೂಸು ಬರೋದದ, ಈ ಕುಲುಮಿ ಮನಿಯೊಳಗ ಬ್ಯಾಡ ಅಂತ ಮಗಳು ಹಟ ಹಿಡದದ್ದು ಖರೆನೇ ಅದ.

ಈಗ ನೀಲಿ ಯಾಕ ಅನ್ನೋ ಪ್ರಶ್ನೆ. ಇಳಕಲ್ ಸೀರಿ ಉಟ್ಟು ಸಮುದ್ರದಾಗ ಇಳದೀರಿ ಅಂತ ತಿಳಕೋರಿ. ಹತ್ತು-ಹದಿನೈದು ಮೀಟರ್ ಕೆಳಗ ಹೋಗೋದರಾಗ ಆ ಕೆಂಪು ಸೆರಗು ಕರ್ರಗ ಬೂದಿ ಬಣ್ಣ ಕಾಣತದ. ಯಾಕಂದ್ರ ನೀರು ಮೊದಲು ಕೆಂಪು ಬೆಳಕನ್ನ ನುಂಗತದ, ಆಮ್ಯಾಲೆ ಕೇಸರಿ, ಹಳದಿ. ಆಳದ ತನಕ ಹೋಗೋದು ನೀಲಿ. ಹವಳದೊಳಗಿನ ಪಾಚಿ ಕೋಟಿಗಟ್ಟಲೆ ವರ್ಷದಿಂದ ಆ ನೀಲಿಯೊಳಗೇ ಅಡಗಿ ಮಾಡಲಿಕ್ಕೆ ಕಲತದ. ಬೆಳಕಿನ ಅಲಿ ಅಳಿಯೋ ಲೆಕ್ಕದಾಗ 420ರಿಂದ 480 ನ್ಯಾನೋಮೀಟರ್ ಅದಕ್ಕ ಹೆಚ್ಚು ರುಚಿ. ಬಿಳಿ ದೀಪದಾಗ ಹಳದಿ, ಕೆಂಪು ಎಲ್ಲಾ ಕೂಡೇ ಇರ್ತದ, ಅದರಾಗ ಎಷ್ಟೋ ಭಾಗ ಹವಳಕ್ಕಲ್ಲ, ನಮ್ಮ ಕಣ್ಣಿಗೆ.

ಇದೇ ನೀಲಿ ನಮ್ಮ ಮೊಮ್ಮಗಗೂ ಬೇಕಾತು ನೋಡ್ರಿ. ಹುಟ್ಟಿದ ಮೂರನೇ ದಿನಾ ಕೂಸು ಹಳದಿ ಆತು, ದವಾಖಾನಿಯಾಗ ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದ ಕೆಳಗ ಎರಡು ದಿನಾ ಮಲಗಿಸಿದ್ರು. ಗಾಜಿನ ಹೊರಗ ನಿಂತು ನೋಡಿದಾಗ ನನಗ ಹೊಟ್ಟಿಯೊಳಗ ಕಲಕಿದಂಗಾತು, ಬೆಳಕು ಅಳಿಯನ ಅಕ್ವೇರಿಯಂದ್ದು, ಅದರಾಗ ಕೈಕಾಲು ಬಡಿಯೋದು ನಮ್ಮ ಕೂಸು. ಈ ಉಪಾಯ ಕಂಡು ಹಿಡದಾಕಿ ಇಂಗ್ಲೆಂಡಿನ ರಾಚ್‌ಫರ್ಡ್ ದವಾಖಾನಿಯ ಸಿಸ್ಟರ್ ವಾರ್ಡ್. ಕೂಸುಗಳನ್ನ ಅಂಗಳದ ಬಿಸಲಿಗೆ ಒಯ್ಯತಿದ್ಲು. 1956ರಾಗ ಒಂದು ಕೂಸಿನ ಮೈಯಾಗ ಬಟ್ಟಿ ಮುಚ್ಚಿದ್ದ ಜಾಗಾ ಅಷ್ಟ ಹಳದಿ ಉಳದದ್ದನ್ನ ಡಾಕ್ಟರಿಗೆ ತೋರಿಸಿದ್ಲು. 1958ರಾಗ ಡಾಕ್ಟರುಗಳು ದೀಪದ ಚಿಕಿತ್ಸಾ ಪ್ರಕಟ ಮಾಡಿದ್ರು. ಕಾಮಾಲಿಗೆ ನಾಟೋದು 460ರ ಆಸುಪಾಸಿನ ನೀಲಿ. (ಹಂಗಂತ ಮೀನಿನ ದೀಪದ ಕೆಳಗ ಕೂಸಿನ್ನ ಮಲಗಸಬ್ಯಾಡ್ರಿ ಮತ್ತ! ಅದು ಡಾಕ್ಟರು ಅಳದು ಕೊಡೋದು.)

ಇಷ್ಟೆಲ್ಲಾ ಬೇಕಾಗಿದ್ದ ಈ ನೀಲಿ ಎಲ್.ಇ.ಡಿ. ಒಳಗ ಮಾತ್ರ ಬರವೊಲ್ದು. ಕೆಂಪು ಎಲ್.ಇ.ಡಿ. 1962ರಾಗೇ ಬಂದಿತ್ತು, ಹಸರೂ ಬಂತು. ನೀಲಿಗೆ ಮೂವತ್ತು ವರ್ಷ ಕಾಯಬೇಕಾತು. ನಗೋಯಾ ವಿಶ್ವವಿದ್ಯಾಲಯದ ಅಕಸಾಕಿ ಮತ್ತ ಅವರ ಶಿಷ್ಯ ಅಮಾನೊ 1986ರಾಗ ಗ್ಯಾಲಿಯಂ ನೈಟ್ರೈಡ್ ಅನ್ನೋ ವಸ್ತುವಿನ ಛಲೋ ಹರಳು ಬೆಳಸಿದ್ರು. ಅದೇ ದೇಶದ ಇನ್ನೊಂದು ಮೂಲಿಯಾಗ, ಶಿಕೊಕು ದ್ವೀಪದ ಅನಾನ್ ಅನ್ನೋ ಸಣ್ಣ ಊರಾಗ ನಿಚಿಯಾ ಕಂಪನಿ. ಟ್ಯೂಬ್‌ಲೈಟಿನೊಳಗ ಬಳಿಯೋ ಪುಡಿ ಮಾಡೋದು ಅವರ ದಂಧೆ. ಅಲ್ಲಿ ನೌಕರಿಯಾಗಿದ್ದ ಶುಜಿ ನಕಾಮುರಾ, ಎಲ್ಲಾರೂ ಬ್ಯಾರೆ ವಸ್ತು ಹಿಡದಾಗ ತಾನೂ ಈ ಗ್ಯಾಲಿಯಂ ನೈಟ್ರೈಡೇ ಹಿಡದ್ರು. ಮಾಲಕರು ಬದಲಾಗಿ, ಈ ಕೆಲಸ ಸಾಕು ಮಾಡು ಅಂತ ಚೀಟಿ ಬಂದ್ರೂ ಕೇಳಲಿಲ್ಲ ಅಂತ ಅವರೇ ಹೇಳ್ಯಾರ. ಮಶೀನು ತಾವೇ ಬಿಚ್ಚಿ, ತಾವೇ ಜೋಡಿಸಿ, 1993ರಾಗ ಝಗ್ ಅನ್ನೋ ನೀಲಿ ದೀಪ ಹೊರಗ ತಂದ್ರು. ಅದಕ್ಕ ಹಳದಿ ಪುಡಿ ಬಳದ್ರ ಬಿಳಿ ಬೆಳಕು, 1996ರಾಗ ಅದೂ ಬಂತು. ಇವತ್ತು ನಮ್ಮ ಅಡಗಿಮನ್ಯಾಗ ಇರೋ ಬಿಳಿ ಎಲ್.ಇ.ಡಿ. ಬಲ್ಬಿನ ಹೊಟ್ಟಿಯೊಳಗೂ ಇರೋದು ನೀಲಿನೇ. ಕಂಪನಿ ಅವರಿಗೆ ಕೊಟ್ಟ ಬಕ್ಷೀಸು 20,000 ಯೆನ್, ಅಂದ್ರ ಆಗಿನ ಸುಮಾರು 200 ಡಾಲರ್! ಕೋರ್ಟಿಗೆ ಹೋದ್ರು. 2005ರಾಗ ಸುಮಾರು 84 ಕೋಟಿ ಯೆನ್ನಿಗೆ ರಾಜಿ ಆತು. 2014ರಾಗ ಮೂವರಿಗೂ ಕೂಡಿ ನೊಬೆಲ್ ಬಂತು. ಅಕ್ವೇರಿಯಂದವರು ತಮ್ಮ ಹವ್ಯಾಸದ ದೇವರ ಮಾಡದಾಗ ಈ ಮೂವರ ಫೋಟೋ ಇಡಬೇಕು ಅಂತೇನಿ ನಾ.

ಹವಳಕ್ಕಂತ ಎಲ್.ಇ.ಡಿ. ದೀಪ ಅಮೆರಿಕಾದಾಗ ಬಂದಿದ್ದು 2006-07ರ ಸುಮಾರಿಗೆ, ಸೊಲಾರಿಸ್ ಅಂತ ಹೆಸರು. ಪೇಟೆಂಟಿನ ತಕರಾರು ಎದ್ದು, 2009ರ ಹೊತ್ತಿಗೆ ಅದನ್ನ ಮಾಡೋ ಕಂಪನಿನೇ ಬಾಗಲಾ ಹಾಕ್ತು. ಆಮ್ಯಾಲೆ ಬ್ಯಾರೆ ಬ್ಯಾರೆಯವರು ಬಂದ್ರು. ಶುರುವಿನಾಗ ಮಂದಿಗೆ ಒಂದು ವಿಚಿತ್ರ ಅನುಭವ ಆತು. ಹೊಸಾ ದೀಪ ಹಾಕಿ, ನೀಲಿ ಅಂದ್ರ ನಮ್ಮ ಕಣ್ಣಿಗೆ ಮಬ್ಬಾಗೇ ಕಾಣತದಲ್ಲಾ, ಇದು ಸಾಲದು ಅಂತ ಪೂರ್ತಿ ಏರಿಸಿದ್ರು. ವಾರದಾಗ ಹವಳ ಬೆಳ್ಳಗ! ಬೆಳಕು ಕಮ್ಮಿ ಆಗಿ ಅಲ್ಲ, ಹೆಚ್ಚಾಗಿ. ಪಾಚಿಗೆ ಅಡಗಿ ಮಾಡೋ ತಾಕತ್ತಿಗೊಂದು ಮಿತಿ ಇರ್ತದ, ಅದರ ಮ್ಯಾಲೆ ಬಿದ್ದ ಬೆಳಕು ವಿಷ ಆಗತದ. ಕಟಿಗಿ ಒಲಿ ಮ್ಯಾಲೆ ರೂಢಿ ಇದ್ದಾಕಿ ಗ್ಯಾಸು ಪೂರ್ತಿ ತಿರುವಿ ಹಾಲು ಇಟ್ಟಂಗ.

ಕಣ್ಣಳತಿ ಇಲ್ಲಿ ನಡಿಯಂಗಿಲ್ಲ ಅನ್ನೋದು ಆಗ ಎಲ್ಲಾರಿಗೂ ತಿಳೀತು. ಪೆನ್‌ಸಿಲ್ವೇನಿಯಾ ಸ್ಟೇಟ್ ಯೂನಿವರ್ಸಿಟಿಯ ಪ್ರೊಫೆಸರ್ ಸಂಜಯ ಜೋಶಿ ಅಂತ ಇದ್ದಾರ. ಜೋಶಿ ಅಂದ ಕೂಡಲೆ ನಮ್ಮ ಕಡೆ ಎಲ್ಲಾರ ಕಿವಿ ನೆಟ್ಟಗಾಗತಾವ! ಕಲಸೋದು ಕಾರಖಾನಿ ಎಂಜಿನಿಯರಿಂಗು, ಮನ್ಯಾಗ ಹವಳದ ಅಕ್ವೇರಿಯಂ. ಅವರು ಒಂದೊಂದು ದೀಪಾನೂ ಅಳದು, ಯಾವ ದೀಪ ಯಾವ ಬಣ್ಣದ ಬೆಳಕು ಎಷ್ಟು ಕೊಡತದ ಅಂತ ಹವ್ಯಾಸಿಗಳ ಮುಂದ ಇಟ್ರು. ಅಳಿಯೋ ಮಾಪಕ್ಕ ಪಾರ್ ಅಂತಾರ. ಗಿಡಕ್ಕ, ಪಾಚಿಗೆ ಉಪಯೋಗ ಬೀಳೋ ಬೆಳಕು ಎಷ್ಟದ ಅಂತ ಅದು ಹೇಳತದ. ವ್ಯಾಟ್ ಅಂದ್ರ ನಾವು ಎಷ್ಟು ಕರೆಂಟ್ ತಿಂದ್ವಿ ಅಂತ, ಪಾರ್ ಅಂದ್ರ ಹವಳದ ತಾಟಿನಾಗ ಎಷ್ಟು ಬಿತ್ತು ಅಂತ. ಅಂಗಡಿಯವರು ಹೇಳೋದು ಮೊದಲನೇದು.

ಅಳಿಯ ಕಡೀಕೂ ಆರಿಸಿದ್ದು ಹಿಂಗ. ದೊಡ್ಡದೊಂದರ ಬದಲಿಗೆ ಸಣ್ಣವು ಎರಡು, ಯಾಕಂದ್ರ ಎಲ್.ಇ.ಡಿ. ಬೆಳಕು ಚುಚ್ಚಿದಂಗ ಬೀಳತದ, ಒಂದೇ ಕಡಿಂದ ಬಂದ್ರ ಟೊಂಗಿಯ ಕೆಳಗ ನೆರಳಾಗಿ ಅಲ್ಲಿ ಹವಳ ಸಾಯತದ. ನೀಲಿನೂ ಬಿಳಿನೂ ಬ್ಯಾರೆ ಬ್ಯಾರೆ ಏರಿಸಿ ಇಳಸಲಿಕ್ಕೆ ಬರಬೇಕು. ಅಳಿಯೋ ಮೀಟರ್ ತುಟ್ಟಿ, ಅದನ್ನ ನಾಲ್ಕು ದಿನಕ್ಕ ಬಾಡಿಗಿ ತಂದ. ನಾನು ಕಾಗದ-ಪೆನ್ನು ಹಿಡದು ಕೂತೆ, ಅವನು ಕೋಲಿಗೆ ಮೀಟರ್ ಕಟ್ಟಿ ನೀರಾಗ ಇಳಿಸಿ ಅಂಕಿ ಹೇಳಿದ. ಕೆಳಗ ಮಳಲ ಮ್ಯಾಲೆ ಮೆತ್ತಗಿನ ಹವಳಕ್ಕ ನೂರರ ಆಸುಪಾಸು, ಮ್ಯಾಲೆ ಕಲ್ಲಿನ ತುದಿಗೆ ಗಟ್ಟಿ ಹವಳಕ್ಕ 250-300. ಮೊದಲನೇ ವಾರ ಅರ್ಧಕ್ಕಿಂತ ಕಮ್ಮಿ ಇಟ್ಟು ವಾರಕ್ಕಷ್ಟು ವಾರಕ್ಕಷ್ಟು ಏರಿಸಿದ. ಎರಡು ತಿಂಗಳು ಹಿಡೀತು. ಮುಂಜಾನೆ ಸಾವಕಾಶ ಬೆಳಕಾಗತದ, ಸಂಜಿಗೆ ಸಾವಕಾಶ ಮುಳಗತದ, ನಡುವ ಎಂಟು ತಾಸು ಪೂರ್ತಿ. ನೀವು ಫೋಟೋದಾಗ ನೋಡಿದ್ದು ಸಂಜಿ ಮುಳಗೋ ಹೊತ್ತು, ಬಿಳಿ ಆರಿ ನೀಲಿ ಅಷ್ಟ ಉಳದಿತ್ತು. ಕರೆಂಟ್ 500 ವ್ಯಾಟಿಂದ 200ರ ಒಳಗ ಬಂತು, ಚಿಲ್ಲರ್ ಬಂದ್ ಆತು.

ದೀಪದ ಬಗ್ಗೆ ಇಷ್ಟು ತಲಿ ಕೆಡಿಸಿಕೊಳ್ಳೋದು ಶ್ರೀಮಂತರ ಶೋಕಿ ಅಂತ ನೀವು ಅಂದ್ರ ನಾ ಬ್ಯಾಡ ಅನ್ನೋದಿಲ್ಲ, ರೊಕ್ಕ ಹೋಗತದ. ಆದ್ರ ಸಮುದ್ರ ಕಾದು ಹವಳ ಬೆಳ್ಳಗಾಗೋದು ಹೆಚ್ಚಾಗೇದ. ನಮ್ಮ ಲಕ್ಷದ್ವೀಪದಾಗೇ 1998, 2010, 2016ರಾಗ ಆತು. ಹಿಂಗಿದ್ದಾಗ ಈ ದೀಪದ ವಿದ್ಯಾ ಬ್ಯಾರೆ ಕೆಲಸಕ್ಕ ಬಂದದ. ಹವಳ ಸಂತಾನ ಬಿಡೋದು ವರ್ಷಕ್ಕ ಒಮ್ಮೆ, ಹುಣ್ಣಿವಿ ಆದ ಕೆಲವು ರಾತ್ರಿಗೆ. ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂದಾಗ ಜೇಮಿ ಕ್ರ್ಯಾಗ್ಸ್ ಅನ್ನೋರು ಎಲ್.ಇ.ಡಿ. ಒಳಗ ಸೂರ್ಯಾನ್ನೂ ಮಾಡಿ, ಚಂದ್ರನ್ನೂ ಮಾಡಿ, ದೂರದ ಸಮುದ್ರದಾಗಿನ ಹುಣ್ಣಿವಿ-ಅಮಾಸಿ ಲೆಕ್ಕ ಕೂಡಿಸಿ, ಮುಚ್ಚಿದ ಕೋಣಿಯೊಳಗ ಹವಳ ಮೊಟ್ಟಿ ಬಿಡೋ ಹಂಗ ಮಾಡಿದ್ರು. ಫ್ಲಾರಿಡಾದಾಗ 2014ರಿಂದ ಒಂದು ಜಡ್ಡು ಹಬ್ಬಿ ಕಂಬದಂಗ ಬೆಳಿಯೋ ಪಿಲ್ಲರ್ ಹವಳ ಸಮುದ್ರದಾಗ ಇಲ್ಲದಂಗೇ ಆಗೇದ. ಅಲ್ಲಿನ ಫ್ಲಾರಿಡಾ ಅಕ್ವೇರಿಯಂದವರು ಹಾರ್ನಿಮನ್‌ದವರ ಸಹಾಯ ತಗೊಂಡು, ಉಳಿಸಿ ತಂದ ಹವಳವನ್ನ ಇಂಥಾ ಸುಳ್ಳು ಹುಣ್ಣಿವಿ ಕೆಳಗ ಇಟ್ರು. 2019ರ ಆಗಸ್ಟಿನಾಗ ಅದು ಮೊಟ್ಟಿ ಬಿಡ್ತು. ಪ್ರಯೋಗಶಾಲೆಯಾಗ ಆ ಜಾತಿದು ಅದೇ ಮೊದಲು.

ಇನ್ನ ನನ್ನ ತಂಗಿ ಮಗ ಕೇಳ್ಯಾನ, ಮಾವಶಿ, ನಾವೂ ಹುಬ್ಬಳ್ಳಿಯಾಗ ಹವಳ ಇಡಬಹುದೇನು ಅಂತ. ಅದಕ್ಕೂ ಇಲ್ಲೇ ಹೇಳಿ ಬಿಡತೇನಿ. ನಮ್ಮ ದೇಶದಾಗ 2001ರಿಂದ ದಿಬ್ಬ ಕಟ್ಟೋ ಹವಳ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಿನಾಗ ಅದ. ಹುಲಿಗೆ ಇದ್ದ ರಕ್ಷಣಾನೇ ಅದಕ್ಕೂ. ಸಮುದ್ರದಿಂದ ಕೀಳಂಗಿಲ್ಲ, ಮಾರಂಗಿಲ್ಲ. ಮುರ್ಡೇಶ್ವರದ ಎದುರಿಗೆ ನೇತ್ರಾಣಿ ದ್ವೀಪದ ಸುತ್ತ ನಮ್ಮ ಕರ್ನಾಟಕದ್ದೇ ಹವಳ ಅದಾವ. ನೋಡಬೇಕಂದ್ರ ಅಲ್ಲಿ ಹೋಗಿ ನೀರಾಗ ಮುಳಗಿ ನೋಡಬಹುದು, ಮುಟ್ಟಬಾರದು. ಸಮುದ್ರದಂಡಿ ಅಂಗಡಿಯಾಗ ಶೋಕೇಸಿಗೆ ಅಂತ ಬಿಳಿ ಹವಳದ ತುಂಡು ತೋರಿಸಿದ್ರೂ ತಗೋಬ್ಯಾಡ್ರಿ, ಅದಕ್ಕೂ ಕಾಯ್ದೆ ಹತ್ತತದ.

ಅಕ್ವೇರಿಯಂ ಬೇಕೇ ಬೇಕಂದ್ರ ಅಂವ ಸಿಹಿನೀರಿಂದು ಇಡಲಿ, ಒಳಗ ಗಿಡ ಹಾಕಲಿ. ಅದಕ್ಕ ಈ ನೀಲಿ ಬ್ಯಾಡ, 6500 ಕೆಲ್ವಿನ್ ಅಂತ ಬರದ ಬಿಳಿ ಎಲ್.ಇ.ಡಿ. ಸಾಕು. ದಿನಕ್ಕ ಏಳೆಂಟು ತಾಸು ಹಚ್ಚಲಿ, ಟೈಮರ್ ಹಾಕಲಿ, ಕಿಟಕಿ ಬಾಜೂಕ ಮಾತ್ರ ಇಡಬಾರದು. ನಮ್ಮ ಕಡೆ ಬಿಸಲಿಗೆ ಎಂಟು ದಿನದಾಗ ನೀರು ಹಸರಗಟ್ಟತದ.